ಮುಂಬಯಿ ಕನ್ನಡ ಮುದ್ರಣಸೂಚಿ ಮತ್ತು ಟೂಲ್ ಸರ್ವರ್: ಒಂದು ವಿವೇಚನೆ

ಮುಂಬಯಿಯ ಕನ್ನಡ ಬರವಣಿಗೆಯನ್ನು ಕುರಿತು ಹೊರನಾಡಿನಲ್ಲಿದ್ದು ಕೆಲಸಮಾಡುವ ಸಂಶೋಧಕರಿಗೆ ಮೊದಲು ಎದುರಾಗುವ ತೊಡಕು ಸಾಮಗ್ರಿಯದು. ಪತ್ರಿಕೆಗಳ ಹಳೆಯ ಸಂಪುಟಗಳು, ಸಂಘಗಳ ಸ್ಮರಣ ಸಂಚಿಕೆಗಳು, ರಾತ್ರಿ ಶಾಲೆಗಳ ವಾರ್ಷಿಕ ಸಂಚಿಕೆಗಳು, ನಾಟಕದ ಕರಪತ್ರಗಳು ನಗರದ ಹಲವು ಕಡೆ ಹಂಚಿಹೋಗಿವೆ. ಇವುಗಳ ಸೂಚಿಯೊಂದನ್ನು ಗಣಕದಲ್ಲಿ ಸಿದ್ಧಪಡಿಸಿ ದೂರದಿಂದಲೇ ಅದನ್ನು ಪ್ರಶ್ನಿಸುವಂತಾಗಬೇಕೆಂಬ ಅಪೇಕ್ಷೆ ಸಹಜವಾದುದು. ಈಚಿನ ವರ್ಷಗಳಲ್ಲಿ ಬಳಕೆಗೆ ಬಂದಿರುವ ಕೃತಕ ಬುದ್ಧಿಮತ್ತೆಯ ಕೋಡಿಂಗ್ ಸಹಾಯಕ ತಂತ್ರಾಂಶಗಳು ಈ ಕೆಲಸಕ್ಕೆ ನೆರವಾಗಬಲ್ಲವು. ಅಂಥ ಸಹಾಯಕವನ್ನು ಟೂಲ್ ಸರ್ವರ್ ಎಂಬ ಮಧ್ಯವರ್ತಿಯ ಮೂಲಕ ದತ್ತಸಂಚಯಕ್ಕೆ ಜೋಡಿಸುವುದು ಹೇಗೆ, ಹಾಗೆ ಜೋಡಿಸುವಾಗ ಕನ್ನಡ ಸಾಮಗ್ರಿಗೆ ವಿಶಿಷ್ಟವಾದ ಯಾವ ಎಚ್ಚರಗಳು ಅಗತ್ಯ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ. ಸೂಚಿಯಲ್ಲಿ ಸಿಗದಿರುವುದನ್ನು ಚರಿತ್ರೆಯಲ್ಲಿಯೇ ಇಲ್ಲದುದೆಂದು ಓದಲು ಎಡೆಗೊಡದಂತೆ ಈ ಜೋಡಣೆಯನ್ನು ರೂಪಿಸಬೇಕೆಂಬುದು ನಮ್ಮ ಮುಖ್ಯ ಪ್ರತಿಪಾದನೆ.

೧. ಸಾಮಗ್ರಿಯ ಸ್ವರೂಪ

ಮುಂಬಯಿಗೂ ಕನ್ನಡಕ್ಕೂ ಇರುವ ಆಡಳಿತ ಸಂಬಂಧ ಹಳೆಯದು. ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮೊದಲು ಮುಂಬಯಿ ಪ್ರಾಂತಕ್ಕೂ ಅನಂತರ ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ರಾಜ್ಯಕ್ಕೂ ಸೇರಿದ್ದವು. ೧೮೫೭ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯವೇ ಈ ಭಾಗದ ಉನ್ನತ ಶಿಕ್ಷಣಕ್ಕೂ ಆಶ್ರಯವಾಗಿತ್ತು. ೧೯೪೯ರಲ್ಲಿ ರೂಪುಗೊಂಡ ಕರ್ನಾಟಕ ವಿಶ್ವವಿದ್ಯಾಲಯ ಕೂಡ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂದಿತು. ೧೮೬೭ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಗೆ ಅನುಗುಣವಾಗಿ ಪ್ರಾಂತದಲ್ಲಿ ಅಚ್ಚಾದ ಪುಸ್ತಕಗಳ ತ್ರೈಮಾಸಿಕ ಪಟ್ಟಿಗಳು ಸಿದ್ಧವಾಗುತ್ತಿದ್ದವು. ಧಾರವಾಡದಲ್ಲಿ ಅಚ್ಚಾದ ಕನ್ನಡ ಪುಸ್ತಕವೂ ಮುಂಬಯಿ ಪ್ರಾಂತದ ಪಟ್ಟಿಯಲ್ಲಿಯೇ ಸೇರುತ್ತಿತ್ತು. ೧೯೫೪ರ ಪುಸ್ತಕ ಸಲ್ಲಿಕೆ ಕಾಯಿದೆಯಂತೆ ದೇಶದ ಯಾವುದೇ ಪ್ರಕಾಶಕನು ಪುಸ್ತಕದ ಪ್ರತಿಗಳನ್ನು ಸಲ್ಲಿಸಬೇಕಾದ ನಾಲ್ಕು ಗ್ರಂಥಾಲಯಗಳಲ್ಲಿ ಮುಂಬಯಿಯ ಸೆಂಟ್ರಲ್ ಲೈಬ್ರರಿಯೂ ಒಂದು. ಆದುದರಿಂದ ಮುಂಬಯಿಯಲ್ಲಿ ಬರೆದುದು, ಮುಂಬಯಿಯಲ್ಲಿ ಅಚ್ಚಾದುದು, ಮುಂಬಯಿಗೆ ಸಲ್ಲಿಕೆಯಾದುದು ಎಂಬ ಮೂರು ಬೇರೆ ಬೇರೆ ಸಮೂಹಗಳಿವೆಯೆಂಬುದನ್ನು ಸೂಚಿಕಾರರು ಆರಂಭದಲ್ಲಿಯೇ ಗುರುತಿಸಿಕೊಳ್ಳಬೇಕು.

ಸಂಸ್ಥೆಗಳ ಪ್ರಕಟನೆಗಳು ಇನ್ನೊಂದು ಮುಖ್ಯ ಆಕರ. ಮೈಸೂರು ಅಸೋಸಿಯೇಷನ್ ೧೯೨೬ರಲ್ಲಿಯೂ ಕರ್ನಾಟಕ ಸಂಘ ೧೯೩೩ರಲ್ಲಿಯೂ ಸ್ಥಾಪನೆಯಾದವು. ಮೊದಲನೆಯದರ ‘ನೇಸರು’, ಎರಡನೆಯದರ ‘ಸ್ನೇಹ ಸಂಬಂಧ’, ಬಿಲ್ಲವರ ಅಸೋಸಿಯೇಷನ್ನಿನ ‘ಅಕ್ಷಯ’, ಬಂಟರ ಸಂಘದ ‘ಬಂಟರವಾಣಿ’, ಮೊಗವೀರ ವ್ಯವಸ್ಥಾಪಕ ಮಂಡಳಿಯ ‘ಮೊಗವೀರ’ ಇವು ಆಯಾ ಬಳಗದ ವಾರ್ತೆಯ ಜೊತೆಗೆ ಕಥೆ, ಕವಿತೆ, ವಿಮರ್ಶೆಗಳನ್ನೂ ಪ್ರಕಟಿಸಿದ ಪತ್ರಿಕೆಗಳು. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳರಂಥ ಪ್ರಸಿದ್ಧರ ಪುಸ್ತಕಗಳು ಎಲ್ಲ ಕಡೆಯೂ ದೊರೆಯುತ್ತವೆ. ಆದರೆ ಹಗಲು ಹೋಟೆಲಿನಲ್ಲಿ ದುಡಿದು ಇರುಳು ಶಾಲೆಗೆ ಹೋದವರ ಬರಹಗಳನ್ನು ಹುಡುಕಬೇಕಾದುದು ಇಂಥ ಸಂಚಿಕೆಗಳಲ್ಲಿಯೇ. ಸೂಚಿಯಿಂದ ಯಾವುದಾದರೂ ಬಿಟ್ಟುಹೋಗುವ ಸಂಭವವಿದ್ದರೆ ಅದು ಮೊದಲು ಇವರ ಬರಹವೇ ಎಂಬುದನ್ನು ನೆನಪಿಡಬೇಕು.

ವಿವರಣೆಯ ಅನುಕೂಲಕ್ಕಾಗಿ ಇಂಥ ಸೂಚಿಯೊಂದನ್ನು ನಾಲ್ಕು ಕೋಷ್ಟಕಗಳ ದತ್ತಸಂಚಯವೆಂದು ಭಾವಿಸೋಣ: ಕೃತಿ, ಸಂಚಿಕೆ, ವ್ಯಕ್ತಿ, ಪ್ರತಿ. ಇವುಗಳಲ್ಲಿ ನಾಲ್ಕನೆಯದು ಯಾವ ಸಂಚಿಕೆಯನ್ನು ಯಾವ ಗ್ರಂಥಾಲಯದಲ್ಲಿ ಅಥವಾ ಸಂಗ್ರಹದಲ್ಲಿ ಕಣ್ಣಾರೆ ನೋಡಲಾಗಿದೆ ಎಂಬುದನ್ನು ದಾಖಲಿಸುತ್ತದೆ.

೨. ಸಹಾಯಕ, ಸರ್ವರ್, ಸಂಚಯ

ಕೋಡಿಂಗ್ ಸಹಾಯಕವೆಂದರೆ ನಾವು ಸಾಮಾನ್ಯ ಭಾಷೆಯಲ್ಲಿ ಹೇಳಿದುದನ್ನು ಗ್ರಹಿಸಿ ಕ್ರಮವಿಧಿಯನ್ನು ಬರೆದುಕೊಡುವ ತಂತ್ರಾಂಶ. ಅದರ ಹಿಂದೆ ಒಂದು ಭಾಷಾಮಾದರಿ ಇರುತ್ತದೆ. ಈ ಮಾದರಿಗೆ ನಮ್ಮ ಸೂಚಿಯ ವಿಷಯ ತಿಳಿದಿರುವುದಿಲ್ಲ. ಸಂಚಯದೊಡನೆ ಸಂಪರ್ಕವಿಲ್ಲದಾಗ ‘೧೯೬೦ಕ್ಕೆ ಹಿಂದಿನ ಕಥೆಗಳನ್ನು ಪಟ್ಟಿಮಾಡುವ ಪ್ರಶ್ನೆಯನ್ನು ಎಸ್‌ಕ್ಯುಎಲ್‌ನಲ್ಲಿ ಬರೆದುಕೊಡು’ ಎಂದರೆ, ಕೋಷ್ಟಕದ ಹೆಸರನ್ನೂ ಅಂಕಣದ ಹೆಸರನ್ನೂ ಅದು ಊಹಿಸಿ ಬರೆಯುತ್ತದೆ. ಬರೆದ ಪ್ರಶ್ನೆ ವ್ಯಾಕರಣಶುದ್ಧವಾಗಿದ್ದರೂ ನಮ್ಮ ಸಂಚಯಕ್ಕೆ ಹೊಂದುವುದಿಲ್ಲ. ಊಹೆಯ ಜಾಗದಲ್ಲಿ ಸಂಚಯದ ನಿಜವಾದ ರಚನೆಯನ್ನೂ ಸಾಲುಗಳನ್ನೂ ಸಹಾಯಕದ ಮುಂದಿಡುವುದು ಟೂಲ್ ಸರ್ವರಿನ ಕೆಲಸ.

ಹಿಂದೆ ಪ್ರತಿಯೊಂದು ಸಹಾಯಕಕ್ಕೂ ಪ್ರತಿಯೊಂದು ದತ್ತಸಂಚಯಕ್ಕೂ ಬೇರೆ ಬೇರೆ ಕೊಂಡಿಯನ್ನು ರಚಿಸಬೇಕಾಗುತ್ತಿತ್ತು. ೨೦೨೪ರ ನವೆಂಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’, ಸಂಕ್ಷೇಪವಾಗಿ ಎಂಸಿಪಿ, ಎಂಬ ಮುಕ್ತ ಒಡಂಬಡಿಕೆಯನ್ನು ಪ್ರಕಟಿಸಿತು. ಬೇರೆ ಸಂಸ್ಥೆಗಳೂ ಇದನ್ನು ಅಂಗೀಕರಿಸಿದುದರಿಂದ ಇದು ಬೇಗನೆ ರೂಢಿಗೆ ಬಂದಿತು; ೨೦೨೫ರ ಡಿಸೆಂಬರಿನಲ್ಲಿ ಇದರ ಹೊಣೆಯನ್ನು ಲಿನಕ್ಸ್ ಫೌಂಡೇಷನ್ನಿನ ಅಡಿಯಲ್ಲಿ ರಚಿತವಾದ ಪ್ರತಿಷ್ಠಾನಕ್ಕೆ ಒಪ್ಪಿಸಲಾಯಿತು. ಈಗ ಒಮ್ಮೆ ಸರ್ವರನ್ನು ರಚಿಸಿದರೆ ಕ್ಲಾಡ್ ಕೋಡ್, ಕರ್ಸರ್, ವಿಎಸ್ ಕೋಡ್ ಮೊದಲಾದ ಹಲವು ತಂತ್ರಾಂಶಗಳಿಂದ ಅದನ್ನು ಬಳಸಬಹುದು.

ಇದರ ಕಾರ್ಯಕ್ರಮ ಸರಳವಾದುದು. ಸಂಶೋಧಕನು ಬಳಸುವ ತಂತ್ರಾಂಶ ಸರ್ವರಿನೊಡನೆ ಸಂಪರ್ಕ ಹೊಂದಿದೊಡನೆ ಎರಡೂ ತಮ್ಮ ಆವೃತ್ತಿಯನ್ನೂ ಸಾಮರ್ಥ್ಯವನ್ನೂ ಪರಸ್ಪರ ತಿಳಿಸಿಕೊಳ್ಳುತ್ತವೆ. ಅನಂತರ ತಂತ್ರಾಂಶ ‘ನಿನ್ನಲ್ಲಿ ಯಾವ ಸಾಧನಗಳಿವೆ?’ ಎಂದು ಕೇಳುತ್ತದೆ. ಸರ್ವರು ಪ್ರತಿಯೊಂದು ಸಾಧನದ ಹೆಸರು, ಅದು ಏನು ಮಾಡುತ್ತದೆಂಬ ವಿವರಣೆ, ಅದಕ್ಕೆ ಕೊಡಬೇಕಾದ ಅಂಶಗಳ ನಮೂನೆ ಇವನ್ನು ಒಪ್ಪಿಸುತ್ತದೆ. ಸಂಶೋಧಕನ ಪ್ರಶ್ನೆಯನ್ನು ಓದಿದ ಭಾಷಾಮಾದರಿ ಆ ಪಟ್ಟಿಯಿಂದ ತಕ್ಕ ಸಾಧನವನ್ನು ಆರಿಸಿ, ನಮೂನೆಯನ್ನು ತುಂಬಿ, ಕರೆ ಕಳುಹಿಸುವಂತೆ ತಂತ್ರಾಂಶವನ್ನು ಕೋರುತ್ತದೆ. ಸರ್ವರು ಸಂಚಯವನ್ನು ಪ್ರಶ್ನಿಸಿ ಫಲಿತಾಂಶವನ್ನು ಹಿಂದಿರುಗಿಸುತ್ತದೆ. ಈ ಸಂದೇಶಗಳೆಲ್ಲ ಜೆಸನ್-ಆರ್‌ಪಿಸಿ ಎಂಬ ರೂಪದಲ್ಲಿರುತ್ತವೆ. ಸರ್ವರು ಸಂಶೋಧಕನ ಗಣಕದಲ್ಲಿಯೇ ಇರಬಹುದು, ಇಲ್ಲವೆ ದೂರದ ಗಣಕದಲ್ಲಿದ್ದು ಜಾಲದ ಮೂಲಕ ಉತ್ತರಿಸಬಹುದು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಭಾಷಾಮಾದರಿ ಸಂಚಯವನ್ನು ನೇರವಾಗಿ ಮುಟ್ಟುವುದಿಲ್ಲ. ಸಂಚಯದ ಗುಪ್ತಪದ ಸರ್ವರಿನಲ್ಲಿಯೇ ಉಳಿಯುತ್ತದೆ. ಮುಚ್ಚಿದ ಕಪಾಟಿನ ಗ್ರಂಥಾಲಯದಲ್ಲಿ ಓದುಗನು ಚೀಟಿ ಬರೆದುಕೊಡುತ್ತಾನೆ, ಒಳಗಿನಿಂದ ಪುಸ್ತಕ ತರುವವನು ಪರಿಚಾರಕ. ಇಲ್ಲಿಯ ವ್ಯವಸ್ಥೆಯೂ ಅಂಥದೇ. ಎರಡನೆಯದಾಗಿ, ಸರ್ವರು ಹಿಂದಿರುಗಿಸಿದ ಸಾಲುಗಳು ಭಾಷಾಮಾದರಿಯ ಓದಿಗೆ ಸೇರುತ್ತವೆ. ಮಾದರಿ ಬೇರೊಂದು ಕಂಪನಿಯ ಗಣಕಗಳಲ್ಲಿದ್ದರೆ ಆ ಸಾಲುಗಳೂ ಅಲ್ಲಿಗೆ ಹೋಗುತ್ತವೆ. ಸಂಘಗಳ ಸದಸ್ಯಪಟ್ಟಿ, ಮನೆವಿಳಾಸ, ದೂರವಾಣಿ ಸಂಖ್ಯೆಗಳು ಸ್ಮರಣ ಸಂಚಿಕೆಗಳಲ್ಲಿ ಅಚ್ಚಾಗಿರುವುದು ಸಾಮಾನ್ಯ. ಅವನ್ನು ಸಾಧನಗಳ ಕೈಗೆ ಎಟಕುವ ಕೋಷ್ಟಕಗಳಲ್ಲಿ ಇಡಬಾರದು.

೩. ಸಾಧನಗಳ ರಚನೆ

ಸರ್ವರಿಗೆ ‘ಯಾವುದೇ ಎಸ್‌ಕ್ಯುಎಲ್ ಪ್ರಶ್ನೆಯನ್ನು ನಡೆಸು’ ಎಂಬ ಒಂದೇ ಸಾಧನವನ್ನು ಕೊಟ್ಟು ಕೆಲಸ ಮುಗಿಸಬಹುದು. ಸಂಚಯವನ್ನು ತಾನೇ ಕಟ್ಟಿದವನಿಗೆ ಇದು ಅನುಕೂಲ. ಸಂಚಯದ ಒಳಹೊರಗು ತಿಳಿಯದ ದೂರದ ಸಂಶೋಧಕನಿಗೆ ಇದು ಅಪಾಯಕರ. ‘ಮಹಿಳೆಯರು ಬರೆದ ಕಥೆಗಳೆಷ್ಟು?’ ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಸಂಚಯದಲ್ಲಿ ಲೇಖಕರ ಲಿಂಗವನ್ನು ದಾಖಲಿಸುವ ಅಂಕಣವಿಲ್ಲದಿದ್ದರೆ ಸಹಾಯಕ ಹೆಸರಿನ ಅಂತ್ಯವನ್ನು ನೋಡಿ ಊಹಿಸಲೂಬಹುದು. ಕಾವ್ಯನಾಮ, ಮೊದಲಕ್ಷರಗಳಷ್ಟೇ ಇರುವ ಹೆಸರು, ‘ಒಬ್ಬ ಸೋದರಿ’ಯಂಥ ಸಹಿ ಇವೆಲ್ಲ ಆಗ ತಪ್ಪುದಾರಿಗೆಳೆಯುತ್ತವೆ. ಬರುವ ಉತ್ತರ ಒಂದು ಖಚಿತ ಸಂಖ್ಯೆಯಾಗಿರುವುದರಿಂದ ಊಹೆ ನಡೆದ ಸುಳಿವೇ ಓದುಗನಿಗೆ ಸಿಗದೆ ಹೋಗಬಹುದು.

ಆದುದರಿಂದ ಕಿರಿದಾದ ಕೆಲವೇ ಸಾಧನಗಳನ್ನು ರಚಿಸುವುದು ಲೇಸು. ನಮ್ಮ ಮಾದರಿಯಲ್ಲಿ ನಾಲ್ಕು ಸಾಧನಗಳು ಸಾಕು: ಶೀರ್ಷಿಕೆ ಅಥವಾ ವಿಷಯದಿಂದ ಬರಹವನ್ನು ಹುಡುಕುವ ‘ಕೃತಿಶೋಧ’, ಒಂದು ಸಂಚಿಕೆಯ ಪರಿವಿಡಿಯನ್ನು ಕೊಡುವ ‘ಸಂಚಿಕೆವಿವರ’, ಹೆಸರಿನ ರೂಪಾಂತರಗಳನ್ನು ಒಬ್ಬ ವ್ಯಕ್ತಿಗೆ ಜೋಡಿಸುವ ‘ವ್ಯಕ್ತಿಗುರುತು’, ಯಾವ ಪತ್ರಿಕೆಯ ಯಾವ ವರ್ಷಗಳನ್ನು ಪರಿಶೀಲಿಸಲಾಗಿದೆ ಎಂಬುದನ್ನು ತಿಳಿಸುವ ‘ವ್ಯಾಪ್ತಿ’. ಸಾಧನದ ವಿವರಣೆಯನ್ನು ಓದಿಯೇ ಭಾಷಾಮಾದರಿ ಅದನ್ನು ಆರಿಸುವುದರಿಂದ ವಿವರಣೆಯ ಒಂದೊಂದು ವಾಕ್ಯವೂ ಮುಖ್ಯ. ‘ಬರಹಗಳನ್ನು ಹುಡುಕುತ್ತದೆ’ ಎಂದಷ್ಟೇ ಬರೆಯದೆ, ‘ಸೂಚಿಗೆ ಸೇರಿದ ಸಂಚಿಕೆಗಳಲ್ಲಿ ಮಾತ್ರ ಹುಡುಕುತ್ತದೆ, ಲೇಖಕರ ಲಿಂಗ, ಜಾತಿ, ಊರುಗಳ ಮಾಹಿತಿ ಇದರಲ್ಲಿಲ್ಲ, ಹೆಸರಿನಿಂದ ಅವನ್ನು ಊಹಿಸಬಾರದು’ ಎಂದು ಬರೆಯಬೇಕು.

‘ವ್ಯಕ್ತಿಗುರುತು’ ಏಕೆ ಬೇಕೆಂಬುದಕ್ಕೆ ಒಂದು ನಿದರ್ಶನ: ‘ಚಿತ್ತಾಲ’ ಎಂದು ಹುಡುಕಿದರೆ ಕವಿ ಗಂಗಾಧರ ಚಿತ್ತಾಲರೂ ಅವರ ತಮ್ಮ, ಕಥೆಗಾರ ಯಶವಂತ ಚಿತ್ತಾಲರೂ ಒಟ್ಟಿಗೆ ಬರುತ್ತಾರೆ. ‘ಮೊಗವೀರ’ ಎಂಬುದು ಸಮುದಾಯದ ಹೆಸರು, ಪತ್ರಿಕೆಯ ಹೆಸರು, ಸಂಸ್ಥೆಯ ಹೆಸರಿನ ಭಾಗ. ಸಾಧನವು ಇಂಥಲ್ಲಿ ತಾನೇ ಒಂದನ್ನು ಆರಿಸದೆ, ಇರುವ ಆಯ್ಕೆಗಳನ್ನೆಲ್ಲ ಗುರುತುಸಂಖ್ಯೆಯೊಡನೆ ಹಿಂದಿರುಗಿಸಬೇಕು. ಎಣಿಕೆಯನ್ನೂ ಸಂಚಯದಿಂದಲೇ ಮಾಡಿಸಬೇಕು. ಮುನ್ನೂರು ಸಾಲುಗಳನ್ನು ಕೊಟ್ಟು ಎಣಿಸಲು ಹೇಳಿದರೆ ಭಾಷಾಮಾದರಿ ತಪ್ಪುವ ಸಂಭವವಿದೆ; ದತ್ತಸಂಚಯ ತಪ್ಪುವುದಿಲ್ಲ.

೪. ಲಿಪಿಯ ತೊಡಕುಗಳು

ಕನ್ನಡ ಲಿಪಿಗೆ ಸಂಬಂಧಿಸಿದ ತೊಡಕುಗಳು ಸಹಾಯಕಕ್ಕಿಂತ ಮೊದಲೇ, ಸಂಚಯದಲ್ಲಿಯೇ, ಹುಟ್ಟುತ್ತವೆ. ಗಣಕದಲ್ಲಿ ಕನ್ನಡವನ್ನು ಅಳವಡಿಸಿದವರಲ್ಲಿ ಪ್ರಮುಖರಾದ ಕೆ. ಪಿ. ರಾವ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಕೆಲಸಮಾಡಿದವರು ಎಂಬುದನ್ನು ಇಲ್ಲಿ ನೆನೆಯಬಹುದು. ಅವರ ಕೀಲಿಮಣೆ ವಿನ್ಯಾಸ ಕನ್ನಡದ ಟಂಕನವನ್ನು ಸುಲಭಗೊಳಿಸಿತು. ಆದರೆ ಟಂಕಿಸಿದುದನ್ನು ಗಣಕ ಯಾವ ಸಂಕೇತದಲ್ಲಿ ಶೇಖರಿಸುತ್ತದೆಂಬುದು ಬೇರೆಯೇ ಪ್ರಶ್ನೆ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಟಂಕಿಸಿದ ಪಟ್ಟಿಗಳನ್ನು ಯೂನಿಕೋಡಿಗೆ ಪರಿವರ್ತಿಸದೆ ಸಂಚಯಕ್ಕೆ ಸೇರಿಸಿದರೆ ಅವು ಯಾವ ಹುಡುಕಾಟಕ್ಕೂ ಸಿಗುವುದಿಲ್ಲ.

ಯೂನಿಕೋಡಿನಲ್ಲಿಯೂ ಒಂದೇ ಅಕ್ಷರಕ್ಕೆ ಒಂದಕ್ಕಿಂತ ಹೆಚ್ಚು ಬರವಣಿಗೆಗಳು ಸಾಧ್ಯ. ‘ಕೋ’ ಎಂಬಲ್ಲಿಯ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು. ಎತ್ವ, ಕೊಂಬಿನ ದೀರ್ಘ, ದೀರ್ಘಸೂಚಕ ಎಂಬ ಮೂರು ಸಂಕೇತಗಳ ಸರಣಿಯಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಬೇರೆ ಬೇರೆ. ‘ಎನ್‌ಎಫ್‌ಸಿ’ ಎಂಬ ಸಾಮಾನ್ಯೀಕರಣದಿಂದ ಇವನ್ನು ಒಂದಾಗಿಸಬಹುದು. ಪೋಸ್ಟ್‌ಗ್ರೆಸ್ ದತ್ತಸಂಚಯದ ೧೩ನೆಯ ಆವೃತ್ತಿಯಿಂದ ಇದಕ್ಕೆ ಅಂತರ್ಗತ ಸೌಲಭ್ಯವಿದೆ. ಆದರೆ ‘ಘಾಟ್‌ಕೋಪರ’ ಎಂದು ಒತ್ತಕ್ಷರವಿಲ್ಲದೆ ಬರೆಯುವಾಗ ನಡುವೆ ಸೇರುವ ಅದೃಶ್ಯ ಚಿಹ್ನೆಯನ್ನು ಈ ಕ್ರಮ ತೆಗೆಯುವುದಿಲ್ಲ. ‘ಘಾಟ್ಕೋಪರ’ ಎಂದು ಹುಡುಕಿದವನಿಗೆ ಆ ದಾಖಲೆ ಕಾಣದೆ ಉಳಿಯುತ್ತದೆ.

ಇದಕ್ಕಿಂತ ಗುಪ್ತವಾದ ತೊಡಕೊಂದಿದೆ. ಸಣ್ಣ ಸೂಚಿಗಳಿಗೆ ಬಹುವಾಗಿ ಬಳಕೆಯಾಗುವ ಎಸ್‌ಕ್ಯುಲೈಟ್ ಸಂಚಯದ ಎಫ್‌ಟಿಎಸ್-೫ ಎಂಬ ಪೂರ್ಣಪಾಠ ಶೋಧವು ರೂಢಿಯ ಏರ್ಪಾಡಿನಲ್ಲಿ ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗವೆಂದು ಪರಿಗಣಿಸುತ್ತದೆ. ಕನ್ನಡದ ಗುಣಿತ ಚಿಹ್ನೆಗಳು ಯೂನಿಕೋಡಿನ ವರ್ಗೀಕರಣದಲ್ಲಿ ‘ಅಕ್ಷರ’ಗಳಲ್ಲ, ಸಂಯೋಜಕ ಚಿಹ್ನೆಗಳು. ಪರಿಣಾಮವಾಗಿ ‘ಮೊಗವೀರ’ ಎಂಬ ಪದ ‘ಮ’, ‘ಗವ’, ‘ರ’ ಎಂಬ ಮೂರು ತುಂಡುಗಳಾಗಿ ಸೂಚಿಗೆ ಸೇರುತ್ತದೆ. ಗುಣಿತ ಮಾತ್ರ ಬೇರೆಯಾದ ಪದಗಳು ಆಗ ಒಂದಾಗುತ್ತವೆ. ಪದದ ಆರಂಭದಿಂದ ಹುಡುಕುವ ಕ್ರಮ ಕೆಡುತ್ತದೆ. ಸಂಯೋಜಕ ಚಿಹ್ನೆಗಳ ವರ್ಗಗಳನ್ನೂ ಪದದ ಭಾಗವೆಂದು ಸೂಚಿಯನ್ನು ರಚಿಸುವಾಗಲೇ ಘೋಷಿಸಿದರೆ ಈ ದೋಷ ನಿವಾರಣೆಯಾಗುತ್ತದೆ. ಸಹಾಯಕಕ್ಕೆ ಹೇಳಿದರೆ ಈ ತಿದ್ದುಪಡಿಯ ಕ್ರಮವಿಧಿಯನ್ನು ಅದೇ ಬರೆದುಕೊಡಬಲ್ಲದು. ಆದರೆ ದೋಷವಿದೆಯೆಂದು ಗುರುತಿಸಲು ಕನ್ನಡ ಬಲ್ಲವರೇ ಬೇಕು.

ನಮ್ಮ ಸಲಹೆ ಇದು: ಪ್ರತಿಯೊಂದು ಹೆಸರು, ಶೀರ್ಷಿಕೆಗಳಿಗೆ ಎರಡು ಅಂಕಣಗಳಿರಲಿ. ಒಂದರಲ್ಲಿ ಅಚ್ಚಿನಲ್ಲಿದ್ದ ಪಾಠ ಯಥಾವತ್ತಾಗಿರಲಿ. ಇನ್ನೊಂದರಲ್ಲಿ ಹುಡುಕಾಟಕ್ಕಾಗಿ ಸಾಮಾನ್ಯೀಕರಿಸಿದ ರೂಪವಿರಲಿ. ಗ್ರಂಥಸಂಪಾದನೆಯಲ್ಲಿ ಮೂಲಪಾಠವನ್ನೂ ಪರಿಷ್ಕೃತ ಪಾಠವನ್ನೂ ಬೆರೆಸದಿರುವ ಶಿಸ್ತನ್ನೇ ಇಲ್ಲಿಯೂ ಪಾಲಿಸಿದಂತಾಗುತ್ತದೆ.

೫. ಸ್ಥಳ ಮತ್ತು ಕಾಲ

‘ಮುಂಬಯಿಯಲ್ಲಿ ಅಚ್ಚಾದ ಪುಸ್ತಕಗಳು’ ಎಂಬ ಪ್ರಶ್ನೆ ಮೇಲುನೋಟಕ್ಕೆ ಸರಳ. ಆದರೆ ಮುಂಬಯಿ, ಮುಂಬೈ, ಬೊಂಬಾಯಿ, ಬಾಂಬೆ ಎಂಬ ರೂಪಗಳೆಲ್ಲ ಕನ್ನಡ ಅಚ್ಚಿನಲ್ಲಿವೆ. ಇಂಗ್ಲಿಷಿನಲ್ಲಿ ಊರಿನ ಅಧಿಕೃತ ಹೆಸರು ೧೯೯೫ರಲ್ಲಿ ಬದಲಾಯಿತು. ಪ್ರಾಂತದ ಪಟ್ಟಿಯಿಂದ ಬಂದ ದಾಖಲೆಯಲ್ಲಿ ಈ ಹೆಸರು ನಗರವನ್ನು ಸೂಚಿಸುತ್ತದೆಯೋ ಪ್ರಾಂತವನ್ನೋ ಎಂಬುದನ್ನು ಬಿಡಿಬಿಡಿಯಾಗಿ ನಿರ್ಣಯಿಸಬೇಕು. ನಗರದ ಎಲ್ಲೆಯೂ ಸ್ಥಿರವಲ್ಲ. ೧೯೫೦ರಲ್ಲಿಯೂ ೧೯೫೭ರಲ್ಲಿಯೂ ಉಪನಗರಗಳು ಬೃಹನ್ಮುಂಬಯಿಗೆ ಸೇರಿದವು; ೧೯೯೦ರಲ್ಲಿ ಮುಂಬಯಿ ಉಪನಗರ ಎಂಬ ಬೇರೆ ಜಿಲ್ಲೆ ಆಯಿತು. ಮುಲುಂಡಿನ ಮುದ್ರಣವೊಂದು ೧೯೫೭ಕ್ಕೆ ಹಿಂದಿನದಾದರೆ ಅದು ನಗರದ ಲೆಕ್ಕಕ್ಕೆ ಬರುವುದಿಲ್ಲ. ಡೊಂಬಿವಲಿ ಇಂದಿಗೂ ಠಾಣೆ ಜಿಲ್ಲೆಗೆ ಸೇರಿದೆ. ಆದರೆ ಅಲ್ಲಿಯ ಕನ್ನಡಿಗರ ಬಾಳು ದಿನವೂ ಮುಂಬಯಿಯ ಲೋಕಲ್ ರೈಲಿಗೆ ಕಟ್ಟುಬಿದ್ದಿದೆ. ಜಿಲ್ಲೆಯ ಹೆಸರಿನಿಂದ ಶೋಧಿಸುವ ಸಾಧನ ಇವರನ್ನೆಲ್ಲ ಸದ್ದಿಲ್ಲದೆ ಹೊರಗಿಡುತ್ತದೆ. ಆದುದರಿಂದ ಅಚ್ಚಾದ ಸ್ಥಳನಾಮ, ಆ ಕಾಲದ ಆಡಳಿತ ವಿಭಾಗ, ಸೂಚಿಕಾರರು ಒಪ್ಪಿದ ಪ್ರದೇಶ ಎಂದು ಮೂರು ಅಂಕಣಗಳನ್ನಿಟ್ಟು, ಹುಡುಕಿದುದು ಯಾವುದರಲ್ಲಿ ಎಂದು ಸಾಧನವು ಉತ್ತರದಲ್ಲಿಯೇ ಹೇಳುವಂತೆ ಮಾಡಬೇಕು.

ಕಾಲದ ವಿಷಯವೂ ಹೀಗೆಯೇ. ಸಂವತ್ಸರದ ಹೆಸರು ಮಾತ್ರ ಇರುವ ಮುದ್ರಣಗಳುಂಟು. ‘ಅಕ್ಷಯ ಸಂವತ್ಸರ’ ಎಂದರೆ ೧೯೨೬–೨೭ ಆಗಬಹುದು, ೧೯೮೬–೮೭ ಆಗಬಹುದು. ಹೆಸರಷ್ಟೇ ನೋಡಿದರೆ ಬಿಲ್ಲವರ ಪತ್ರಿಕೆಯೊಡನೆ ಗೊಂದಲಕ್ಕೂ ಎಡೆಯಿದೆ. ಇಂಥಲ್ಲಿ ವರ್ಷವನ್ನು ಒಂದೇ ಸಂಖ್ಯೆಯಾಗಿ ತುಂಬದೆ, ‘ಇದಕ್ಕಿಂತ ಮುಂಚೆಯಲ್ಲ, ಇದಕ್ಕಿಂತ ಅನಂತರವಲ್ಲ’ ಎಂಬ ಎರಡು ಮಿತಿಗಳನ್ನೂ ನಿರ್ಣಯದ ಆಧಾರವನ್ನೂ ದಾಖಲಿಸುವುದು ಯುಕ್ತ.

೬. ಶೂನ್ಯ ಫಲಿತಾಂಶದ ಅರ್ಥ

ಇಷ್ಟಾದರೂ ಮುಖ್ಯ ಪ್ರಶ್ನೆ ಉಳಿಯುತ್ತದೆ. ದತ್ತಸಂಚಯ ಒಂದೂ ಸಾಲನ್ನು ಹಿಂದಿರುಗಿಸದಿದ್ದಾಗ ಸಹಾಯಕ ಏನು ಹೇಳಬೇಕು? ‘೧೯೫೦ರ ದಶಕದಲ್ಲಿ ಗಿರಣಿ ಕಾರ್ಮಿಕರನ್ನು ಕುರಿತ ಕಥೆಗಳು ಪ್ರಕಟವಾಗಿಲ್ಲ’ ಎಂದು ಅದು ಸುಲಲಿತವಾಗಿ ಬರೆದುಬಿಡಬಹುದು. ವಾಸ್ತವದಲ್ಲಿ ಆ ದಶಕದ ಸಂಪುಟಗಳನ್ನು ಸೂಚಿಕಾರರು ಕಂಡೇ ಇರಲಿಕ್ಕಿಲ್ಲ. ದೆಹಲಿಯಲ್ಲೋ ವಾರಾಣಸಿಯಲ್ಲೋ ಕುಳಿತ ಸಂಶೋಧಕನಿಗೆ ಇದನ್ನು ಪರಿಶೀಲಿಸಲು ಬೇರೆ ದಾರಿಯಿಲ್ಲ. ಅವನ ಪ್ರಬಂಧದಲ್ಲಿ ಈ ವಾಕ್ಯ ಸೇರಿದರೆ ಮುಂದಿನವರು ಅದನ್ನೇ ಉಲ್ಲೇಖಿಸುತ್ತಾರೆ. ‘ನೋಡಿಲ್ಲ’ ಎಂದು ತಿಳಿದರೆ ಯಾರಾದರೂ ಹುಡುಕಲು ಹೊರಡುತ್ತಾರೆ. ‘ಇಲ್ಲ’ ಎಂದು ತಿಳಿದರೆ ಯಾರೂ ಹೊರಡುವುದಿಲ್ಲ. ಖಾಸಗಿ ಸಂಗ್ರಹಗಳಲ್ಲಿ ಉಳಿದಿರುವ ಪ್ರತಿಗಳು ಮನೆ ಬದಲಾಯಿಸುವಾಗಲೂ ಹಳೆಯ ಕಟ್ಟಡಗಳು ಕೆಡವಲ್ಪಡುವಾಗಲೂ ರದ್ದಿಗೆ ಹೋಗುವಂಥವು. ಹುಡುಕಾಟ ಒಂದು ತಲೆಮಾರು ತಡವಾದರೆ ಆ ‘ಇಲ್ಲ’ ಎಂಬುದು ನಿಜವಾಗಿಯೇ ಬಿಡುತ್ತದೆ.

ಆದುದರಿಂದ ‘ಕೃತಿಶೋಧ’ವು ಖಾಲಿ ಪಟ್ಟಿಯನ್ನು ಹಿಂದಿರುಗಿಸದಂತೆ ಸರ್ವರನ್ನು ರಚಿಸಬೇಕು. ಸಿಗದಿದ್ದಾಗಲೆಲ್ಲ ‘ಪ್ರತಿ’ ಕೋಷ್ಟಕವನ್ನು ತಾನಾಗಿ ನೋಡಿ, ‘ಸಂಚಿಕೆಯನ್ನು ನೋಡಲಾಗಿದೆ, ಅದರಲ್ಲಿಲ್ಲ’, ‘ಸಂಚಿಕೆ ಇದ್ದುದು ಗೊತ್ತಿದೆ, ನೋಡಿಲ್ಲ’, ‘ಸಂಚಿಕೆ ಹೊರಬಂದಿತೇ ಎಂಬುದೇ ಗೊತ್ತಿಲ್ಲ’ ಎಂಬ ಮೂರು ಸ್ಥಿತಿಗಳಲ್ಲಿ ಯಾವುದೆಂದು ವರ್ಷವಾರು ತಿಳಿಸಬೇಕು. ಈ ಹೇಳಿಕೆ ಸಾಧನದ ಉತ್ತರದಲ್ಲಿಯೇ ಇದ್ದರೆ ಭಾಷಾಮಾದರಿ ಅದನ್ನು ಓದುತ್ತದೆ. ಬೇರೊಂದು ಸಾಧನದಲ್ಲಿ ಮಾತ್ರ ಇದ್ದರೆ ಅದನ್ನು ಕರೆಯದೆಯೇ ಮುಂದುವರಿಯಬಹುದು. ಸಿಕ್ಕ ಪ್ರತಿಯೊಂದು ದಾಖಲೆಯೊಡನೆಯೂ ಗುರುತುಸಂಖ್ಯೆ, ಪುಟಸಂಖ್ಯೆ, ಪ್ರತಿಯನ್ನು ನೋಡಿದ ಸ್ಥಳ ಇವು ಬರಬೇಕು. ಸಂಶೋಧಕನು ಉಲ್ಲೇಖಿಸಬೇಕಾದುದು ಆ ದಾಖಲೆಯನ್ನೇ ಹೊರತು ಸಹಾಯಕದ ವಾಕ್ಯವನ್ನಲ್ಲ.

೭. ರಕ್ಷಣೆ

ಸೂಚಿಯನ್ನು ಓದಲು ಬಿಡುವುದು ಬೇರೆ, ತಿದ್ದಲು ಬಿಡುವುದು ಬೇರೆ. ೨೦೨೫ರ ಜುಲೈಯಲ್ಲಿ ರೆಪ್ಲಿಟ್ ಎಂಬ ವೇದಿಕೆಯ ಕೋಡಿಂಗ್ ಸಹಾಯಕವೊಂದು, ಬದಲಾವಣೆ ಮಾಡಬಾರದೆಂಬ ಸೂಚನೆ ಇದ್ದರೂ, ಬಳಕೆದಾರನ ದತ್ತಸಂಚಯವನ್ನು ಅಳಿಸಿದ ಪ್ರಸಂಗ ಬಹಿರಂಗವಾಯಿತು. ಮಾತಿನಲ್ಲಿ ಕೊಟ್ಟ ನಿಷೇಧ ಬೀಗವಾಗುವುದಿಲ್ಲವೆಂಬುದು ಇದರಿಂದ ಸ್ಪಷ್ಟ. ಸರ್ವರಿನಲ್ಲಿ ಹಾಕಿದ ಬೀಗವೂ ಸಾಲದೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಎಂಸಿಪಿಯ ಆರಂಭದ ಮಾದರಿ ಸರ್ವರುಗಳಲ್ಲಿ ಒಂದಾದ ಪೋಸ್ಟ್‌ಗ್ರೆಸ್ ಸರ್ವರು ಪ್ರತಿಯೊಂದು ಪ್ರಶ್ನೆಯನ್ನೂ ‘ಓದಲು ಮಾತ್ರ’ ಎಂಬ ವ್ಯವಹಾರದೊಳಗೆ ನಡೆಸುತ್ತಿತ್ತು. ಪ್ರಶ್ನೆಯ ಮೊದಲಲ್ಲಿ ಆ ವ್ಯವಹಾರವನ್ನು ಮುಗಿಸುವ ಆಜ್ಞೆಯನ್ನು ಸೇರಿಸಿದರೆ ಅದರ ಹಿಂದಿನ ಆಜ್ಞೆಗಳು ನಿರ್ಬಂಧವಿಲ್ಲದೆ ನಡೆಯುತ್ತವೆಂದು ಭದ್ರತಾ ಸಂಶೋಧಕರು ೨೦೨೫ರಲ್ಲಿ ತೋರಿ­ಸಿದರು. ಬೀಗ ಇರಬೇಕಾದುದು ದತ್ತಸಂಚಯದಲ್ಲಿಯೇ: ಓದುವ ಅಧಿಕಾರ ಮಾತ್ರವುಳ್ಳ ಬೇರೆ ಬಳಕೆದಾರನನ್ನು ರಚಿಸಿ ಸರ್ವರಿಗೆ ಅವನ ಗುಪ್ತಪದವನ್ನಷ್ಟೇ ಕೊಡಬೇಕು. ಬಳಕೆದಾರರ ಭೇದವಿಲ್ಲದ ಎಸ್‌ಕ್ಯುಲೈಟಿನಲ್ಲಿ ಮೂಲ ಕಡತವನ್ನು ಬೇರೆಡೆ ಇಟ್ಟು ಅದರ ಪ್ರತಿಯನ್ನು ಓದಲು ಮಾತ್ರ ತೆರೆಯಬೇಕು.

ಸಂಚಯದಲ್ಲಿರುವ ಪಠ್ಯವೂ ಸಹಾಯಕಕ್ಕೆ ಆಜ್ಞೆಯಂತೆ ತೋರಬಹುದೆಂಬುದು ಮತ್ತೊಂದು ಅಪಾಯ. ಸೂಚಿಗೆ ಹೊರಗಿನವರೂ ಟಿಪ್ಪಣಿ ಸೇರಿಸಬಹುದಾದ ಏರ್ಪಾಡಿದ್ದರೆ, ಟಿಪ್ಪಣಿಯ ರೂಪದಲ್ಲಿ ಸೂಚನೆಯೊಂದನ್ನು ಯಾರಾದರೂ ಅಡಗಿಸಬಹುದು. ಪರಿಶೀಲಿಸದ ಟಿಪ್ಪಣಿಗಳನ್ನು ಸಾಧನಗಳಿಂದ ದೂರವಿಡುವುದೇ ಇದಕ್ಕೆ ಸದ್ಯದ ನಂಬಬಹುದಾದ ಪರಿಹಾರ.

೮. ಉಪಸಂಹಾರ

ಟೂಲ್ ಸರ್ವರಿನ ರಚನೆ ಕಷ್ಟದ ಕೆಲಸವಲ್ಲ. ಅದರ ಬಹುಭಾಗವನ್ನು ಕೋಡಿಂಗ್ ಸಹಾಯಕವೇ ಬರೆದುಕೊಡಬಲ್ಲದು. ಸಂಚಿಕೆಯನ್ನು ಬಿಡಿಸಿ ನೋಡುವುದು, ಅಚ್ಚಿನ ಪಾಠವನ್ನು ಯಥಾವತ್ತಾಗಿ ಬರೆದುಕೊಳ್ಳುವುದು, ನೋಡದ ಸಂಚಿಕೆಗಳ ಪಟ್ಟಿಯನ್ನು ಮುಚ್ಚಿಡದೆ ಪ್ರಕಟಿಸುವುದು ಇವು ಮನುಷ್ಯರೇ ಮಾಡಬೇಕಾದ ಕೆಲಸಗಳು. ಹೊರನಾಡಿನ ಸಂಶೋಧಕರು ಇಂಥ ಯಾವುದೇ ಸೂಚಿಯನ್ನು ಬಳಸುವಾಗ ಮೊದಲು ‘ವ್ಯಾಪ್ತಿ’ಯನ್ನು ಕೇಳಿ ಅನಂತರ ವಿಷಯವನ್ನು ಕೇಳುವುದು ಒಳ್ಳೆಯ ರೂಢಿಯಾಗುತ್ತದೆ. ನೋಡದ ಸಂಚಿಕೆಯೊಂದು ತಮ್ಮ ಊರಿನ ಗ್ರಂಥಾಲಯದಲ್ಲಿ ಸಿಕ್ಕರೆ ಅದರ ಪರಿವಿಡಿಯನ್ನು ಸೂಚಿಕಾರರಿಗೆ ತಿಳಿಸುವುದರಿಂದ ಆ ವ್ಯಾಪ್ತಿ ಅಷ್ಟರಮಟ್ಟಿಗೆ ಹಿಗ್ಗುತ್ತದೆ.